ಕರೆಂಟು ಹೋದರೆ ಏಳುವ ಗಂಡ

ಶಾಲೆ ಬಸ್ಸು ಓಡಿಸುವ ಅವಳಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಅದರ ಹಿಂದಿನ ಗುಟ್ಟು ಥಟ್ಟನೆ ಹೊಳೆಯುತ್ತಿತ್ತು. "ಆಂಟಿ, ನಾಳೆ ಬಸ್ ಬರತ್ತಾ?" ಎಂದು ಕೇಳಿದ ಮಗು ಹೋಂವರ್ಕ್ ಮಾಡಿಲ್ಲವೆಂದೇ ಅರ್ಥ. ಹಾಗಾಗಿ ಪೊಲೀಸ್ ಠಾಣೆಯ ಮಹಡಿಯಲ್ಲಿ ವಿದೇಶಿ ಕ್ಯಾಪ್ಟನ್ ದುಭಾಷಿಯ ಮೂಲಕ "ನಿಮ್ಮ ಗಂಡ ಹೇಗೆ ನಡೀತಾರೆ? ಕುಂಟ್ತಾರಾ, ಬಗ್ಗಿ ನಡೀತಾರಾ?" ಎಂದು ಕೇಳಿದಾಗ ಅದರ ಗುಟ್ಟೂ ಅವಳಿಗೆ ಹೊಳೆಯಿತು. ಮುಖ ಕಾಣುವ ಕಡೆ ನಡಿಗೆ ಯಾರಿಗೆ ಬೇಕು?

"ಲೈಟ್ ಆರಿಸಿ ಒಳಗೆ ನುಗ್ತೀರಾ?" ಎಂದಳು.

ಕ್ಯಾಪ್ಟನ್ ಸುಳ್ಳು ಹೇಳುವವನಲ್ಲ. ಹೌದೆಂದು ತಲೆಯಾಡಿಸಿದ.

ಊರಾಚೆಯ ಪಂಪ್‌ಹೌಸಿನಲ್ಲಿ ಬಂದೂಕು ಹಿಡಿದವರು ಒಬ್ಬ ವಿದೇಶಿ ಎಂಜಿನಿಯರನ್ನೂ ಕೆಲಸಗಾರರನ್ನೂ ಒತ್ತೆ ಇಟ್ಟುಕೊಂಡು ವಾರವಾಗಿತ್ತು. ಅವಳ ಗಂಡ ಅಲ್ಲಿನ ಎಲೆಕ್ಟ್ರಿಷಿಯನ್. ಎಂಜಿನಿಯರಿನ ದೇಶ ತನ್ನ ಸೈನಿಕರನ್ನು ಕಳಿಸಿತ್ತು. ಅವರ ಠೀವಿ ನೋಡಿದರೆ ಯುದ್ಧ ಗೆದ್ದೇ ಬಂದವರಂತಿದ್ದರು. ಇತ್ತ ಊರಿನ ಇನ್ಸ್‌ಪೆಕ್ಟರ್ ಒಳಗಿನವರ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡಿದ್ದ. ಬಂದೂಕು ಹಿಡಿದವರಲ್ಲೊಬ್ಬನಿಗೆ ಗಾಯವಾಗಿತ್ತು, ಡಾಕ್ಟರನ್ನು ಕಳಿಸಿದರೆ ಜನರನ್ನು ಬಿಡುವ ಮಾತು ನಡೆದಿತ್ತು.

ಗೋಡೆಯ ಮೇಲೆ ಎಂಜಿನಿಯರಿನ ಫೋಟೊಗಳಿದ್ದವು. ಎದುರಿನಿಂದ, ಎಡದಿಂದ, ಬಲದಿಂದ.

"ಈ ಮುಖ ನಿಮ್ಮ ಹುಡುಗರಿಗೆ ಬಾಯಿಪಾಠ. ನನ್ನ ಗಂಡನ ಮುಖ ಯಾರಿಗೆ ಗೊತ್ತು?"

"ಅಲ್ಲಾಡದೆ ಬಿದ್ಕೊಂಡೋರಿಗೆ ಏನೂ ಆಗಲ್ವಂತೆ. ಎದ್ದು ಓಡಾಡೋರೇ ಶತ್ರುಗಳು ಅಂತ ಲೆಕ್ಕ," ಎಂದ ದುಭಾಷಿ.

ಅವಳಿಗೆ ಸಿಟ್ಟಿನ ಜೊತೆ ನಗುವೂ ಬಂತು. "ಕರೆಂಟ್ ಹೋದ್ರೆ ಕೂತ್ಕೊಳ್ಳೋ ಆಸಾಮಿಯೇ ಅಲ್ಲ ಅವರು! ಆಸ್ಪತ್ರೇಲಿ ಮಗಳು ಹುಟ್ಟಿದಾಗ ಕರೆಂಟ್ ಹೋಯ್ತು. ಮಗು ಮುಖ ನೋಡೋಕೆ ಮುಂಚೆ ಫ್ಯೂಸ್ ನೋಡೋಕೆ ಓಡಿದ್ರು."

ತಲೆಗೆ ಬಂದೂಕಿಟ್ಟಿರುವಾಗ ಯಾವನೂ ಏಳುವುದಿಲ್ಲ ಎಂದು ಕ್ಯಾಪ್ಟನ್ ಮೆತ್ತಗೆ ಹೇಳಿಸಿದ.

"ನಿಮಗೆ ಅವರು ಗೊತ್ತಿಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ ಅವಳು ಮೂಲೆಯಲ್ಲಿ ಕೂತಿದ್ದ ಇಲ್ಲಿನ ಸರ್ಕಾರದ ಹಿರಿಯ ಅಧಿಕಾರಿಯ ಕಡೆ ತಿರುಗಿದಳು. ದಾಳಿಗೆ ಒಪ್ಪಿಗೆ ಕೊಡಬೇಕಾದವರು ಅವರೇ. "ಸಾರ್, ಇಲಿ ಹೊಕ್ತು ಅಂತ ಮನೆಗೆ ಬೆಂಕಿ ಇಡಬೇಡಿ. ಇವರು ನಾಳೆ ವಿಮಾನ ಹತ್ತಿ ಹೋಗ್ತಾರೆ. ಇಲ್ಲಿ ಹೆಣ ಎಣಿಸೋರು ನಾವು. ಡಾಕ್ಟರನ್ನ ಕಳಿಸಿ."

"ಇನ್ನೊಂದು ದಿನ ಕೊಡಿ ಸಾರ್," ಎಂದ ಇನ್ಸ್‌ಪೆಕ್ಟರ್ ಒಡೆದ ದನಿಯಲ್ಲಿ.

ಅಧಿಕಾರಿ ಬಹಳ ಹೊತ್ತು ಫೋಟೊಗಳನ್ನೇ ನೋಡಿದರು. ಬಳಿಕ "ಲೈಟ್ ಉರೀತಾ ಇರ್ಲಿ," ಎಂದರು. ಅವಳು ಮೆಟ್ಟಿಲಿಳಿದಳು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ಅವಳ ತಲೆಗೇ.

ಮರುದಿನ ಡಾಕ್ಟರು ಒಳಗೆ ಹೋದರು. ಸಂಜೆಗೆ ಒತ್ತೆಯಲ್ಲಿದ್ದವರೆಲ್ಲ ಹೊರಬಂದರು. ಎಂಜಿನಿಯರು ಅವಳ ಗಂಡನ ಹೆಗಲು ಹಿಡಿದೇ ನಡೆದು ಬಂದ. ಕ್ಯಾಪ್ಟನ್ ಅವಳ ಕೈ ಕುಲುಕಿದ. ಅವಳು ಅಂದು ಗೆದ್ದವಳ ಹಾಗೆಯೇ ಮನೆಗೆ ಹೋದಳು.

ಆ ವಾರದಲ್ಲೇ ಒಂದು ಸಂಜೆ ಮನೆಯಲ್ಲಿ ಕರೆಂಟು ಹೋಯಿತು. "ಯಾರೂ ಅಲ್ಲಾಡಬೇಡಿ, ನಾನ್ ನೋಡ್ತೀನಿ" ಎಂಬ ಮಾಮೂಲು ಕೂಗಿಗೆ ಅವಳು ಅಡುಗೆಮನೆಯಲ್ಲಿ ಕಾದಳು. ಕೂಗು ಬರಲಿಲ್ಲ. ಟಾರ್ಚ್ ತಂದು ನೋಡಿದರೆ ಗಂಡ ಕುರ್ಚಿಯ ಪಕ್ಕ ಬೋರಲು ಬಿದ್ದಿದ್ದಾನೆ, ಎರಡೂ ಕೈ ತಲೆಯ ಮೇಲೆ.

"ಏನ್ರೀ ಇದು?"

"ಏಳಬಾರ್ದು," ಎಂದ ನೆಲಕ್ಕೆ ಮುಖ ಕೊಟ್ಟೇ. "ಮೊದಲ್ನೇ ದಿನ ಕರೆಂಟ್ ಹೋದಾಗ ಎದ್ದೆ. ಸರಿಯಾಗಿ ಹೊಡೆದ್ರು. ಇನ್ಮೇಲೆ ಲೈಟ್ ಹೋಯ್ತು ಅಂದ್ರೆ ಸೈನ್ಯ ಬಂತು ಅಂತಾನೇ, ಮಲಗಿರೋ ನಿಮಗೇ ಮೊದಲು ಗುಂಡು ಹೊಡೀತೀವಿ ಅಂದ್ರು. ಒಬ್ಬೊಬ್ಬರ ಬೆನ್ನ ಹಿಂದೆ ಒಬ್ಬೊಬ್ಬ ನಿಂತಿರ್ತಿದ್ದ."

ಅಂದು ಠಾಣೆಯಲ್ಲಿ ಅವಳು ಎದ್ದೇ ಏಳ್ತಾರೆ ಎಂದು ಎದೆ ತಟ್ಟಿ ಹೇಳಿದ್ದಳು. ಏಳಲ್ಲ ಎಂದ ಕ್ಯಾಪ್ಟನ್ನೇ ಸರಿ. ಆದರೆ ಲೈಟು ಆರಿಸಿದ್ದರೆ ಎದ್ದವನೂ ಉಳಿಯುತ್ತಿರಲಿಲ್ಲ, ಮಲಗಿದವನೂ ಉಳಿಯುತ್ತಿರಲಿಲ್ಲ. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ಅವನ ಜೇಬಿನಿಂದ ಟೆಸ್ಟರ್ ತೆಗೆದುಕೊಂಡು ಫ್ಯೂಸ್ ಡಬ್ಬಿಯ ಕೆಳಗೆ ಸ್ಟೂಲು ಹತ್ತಿದಳು.

"ಯಾವ್ದ್ ರೀ ಕೀಳೋದು? ಎಡಗಡೇದಾ, ಬಲಗಡೇದಾ?"

ಅವನು ತಲೆಯ ಮೇಲಿಂದ ಒಂದು ಕೈ ತೆಗೆದ.

"ಎಡಗಡೇದು," ಎಂದ ಅವನು. "ಅಯ್ಯೋ, ಮೊದ್ಲು ಮೇನ್ ಆಫ್ ಮಾಡೇ ಮಾರಾಯ್ತಿ! ಇರು, ಬಂದೆ."