ಸೂಜಿಗೆ ದಾರ ಪೋಣಿಸಿದರೆ ಸಾಕೇ?

ನಮ್ಮ ಬೀದಿಯ ಟೇಲರ್ ಮಾವನ ಅಂಗಡಿಯಲ್ಲಿ ದಿನವೂ ಒಂದೇ ಜಗಳ. ಕತ್ತರಿ ಅವರ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಅವರು ಮಾತ್ರ ಇಡೀ ಅಂಗಡಿಯನ್ನು ತಲೆಕೆಳಗು ಮಾಡುತ್ತಿದ್ದರು.

"ಲೇ, ನನ್ನ ಕತ್ತರಿ ಎಲ್ಲಿ ಬಚ್ಚಿಟ್ಟೆ?"

"ಪಕ್ಕದಲ್ಲೇ ಇದೆಯಲ್ರೀ. ಬಚ್ಚಿಡೋಕೆ ಅದೇನು ಬಂಗಾರದ್ದಾ?" ಎಂದು ಅತ್ತೆ ಗುಂಡಿ ಹೊಲಿಯುತ್ತಲೇ ಗೊಣಗುತ್ತಿದ್ದರು.

ಮಾವ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದೂ ಮಾಮೂಲಾಗಿತ್ತು. ಕಣ್ಣು ತೋರಿಸಿ ಎಂದರೆ ಮಾವನಿಗೆ ಎಲ್ಲಿಲ್ಲದ ಸಿಟ್ಟು. ಸೂಜಿ ಎತ್ತಿ, ಒಂದೇ ಸಲಕ್ಕೆ ದಾರ ಪೋಣಿಸಿ, "ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ?" ಎಂದು ಮೀಸೆ ತಿರುವುತ್ತಿದ್ದರು. ನಾವೂ ನಂಬಿಬಿಡುತ್ತಿದ್ದೆವು.

ಒಂದು ದಿನ ಕಣ್ಣಾಸ್ಪತ್ರೆಯ ನರ್ಸಮ್ಮ ಕೋಟಿನ ತೋಳು ಸಡಿಲ ಮಾಡಿಸಲು ಬಂದರು. ಅವರೆದುರೂ ಕತ್ತರಿಯ ಹುಡುಕಾಟ, ಸೂಜಿಯ ಪ್ರದರ್ಶನ ಎರಡೂ ನಡೆದವು.

"ಭೇಷ್ ಮಾಸ್ಟ್ರೇ. ಈಗ ಒಂದು ಕಣ್ಣು ಮುಚ್ಕೊಂಡು ನನ್ನ ಮೂಗನ್ನೇ ನೋಡಿ. ನನ್ನ ಕೈ ಕಾಣ್ತಾ?"

"ಯಾವ ಕೈ?"

ನರ್ಸಮ್ಮನ ಬೆರಳುಗಳು ಮಾವನ ಮುಖದ ಪಕ್ಕದಲ್ಲೇ ಆಡುತ್ತಿದ್ದವು. ಅತ್ತೆಯ ಮುಖ ಸಪ್ಪಗಾಯಿತು.

"ಇದು ಗ್ಲಾಕೋಮಾ ಇರಬಹುದು, ಡಾಕ್ಟ್ರೇ ನೋಡಿ ಹೇಳ್ಬೇಕು. ಕಣ್ಣಿನ ನರ ನಿಧಾನಕ್ಕೆ ಹಾಳಾಗುತ್ತೆ, ಸಾಮಾನ್ಯವಾಗಿ ನೋವೇ ಇರಲ್ಲ. ಮೊದಲು ಪಕ್ಕದ ನೋಟ ಹೋಗುತ್ತೆ. ಅದಕ್ಕೇ ನಿಮಗೆ ಎದುರಿನ ಸೂಜಿ ಕಾಣುತ್ತೆ, ಪಕ್ಕದ ಕತ್ತರಿ ಕಾಣಲ್ಲ."

ಮಾವನ ದನಿ ಇಳಿಯಿತು. "ನಮ್ಮಪ್ಪಂಗೂ ಕೊನೆಗೆ ಕಣ್ಣು ಕಾಣ್ತಿರಲಿಲ್ಲ. ವಯಸ್ಸಾಯ್ತು ಅಂದ್ಕೊಂಡಿದ್ವಿ."

ಹೊಲಿಗೆ ಬಿಟ್ಟರೆ ಅವರಿಗೆ ಬೇರೆ ಕಸುಬು ಗೊತ್ತಿಲ್ಲ. ಪಾಪ, ನಿಜಕ್ಕೂ ಹೆದರಿದ್ದರು.

ಡಾಕ್ಟರು ಪರೀಕ್ಷೆ ಮಾಡಿ ಗ್ಲಾಕೋಮಾ ಎಂದೇ ಹೇಳಿದರು. ದಿನವೂ ಹಾಕಿಕೊಳ್ಳಲು ಕಣ್ಣಿನ ಹನಿ ಕೊಟ್ಟರು. ಕೆಲವೇ ವಾರಗಳಲ್ಲಿ ಮಾವ ಬಾಟಲಿಯನ್ನು ಮೂಲೆಗಿಟ್ಟರು. ಸುದ್ದಿ ಕೇಳಿ ನರ್ಸಮ್ಮ ಅಂಗಡಿಗೇ ಬಂದರು.

"ಹಾಕಿ ಹಾಕಿ ಸಾಕಾಯ್ತಮ್ಮ. ಕಣ್ಣೇನೂ ಚುರುಕಾಗಲಿಲ್ಲ," ಎಂದರು ಮಾವ.

"ಮಾಸ್ಟ್ರೇ, ತಪ್ಪಾಗಿ ಕತ್ತರಿಸಿದ ಬಟ್ಟೆನ ಮತ್ತೆ ಇಡೀ ಬಟ್ಟೆ ಮಾಡೋಕಾಗುತ್ತಾ?"

"ಎಲ್ಲಾದ್ರೂ ಆಗುತ್ತಾ?"

"ಹೋದ ನೋಟಾನೂ ಹಾಗೇ, ವಾಪಸ್ ಬರಲ್ಲ. ಹನಿ ಇರೋದು ಉಳಿದ ಬಟ್ಟೆ ಕಾಯೋಕೆ."

ಈ ಮಾತು ಮಾವನ ತಲೆಗೆ ಹೋಯಿತು. ಈಗ ಮೊದಲು ಹನಿ, ಆಮೇಲೆ ಅಂಗಡಿ. ರಸ್ತೆ ದಾಟುವಾಗ ಕತ್ತು ಪೂರ್ತಿ ತಿರುಗಿಸಿ ಎರಡೂ ಕಡೆ ನೋಡುತ್ತಾರೆ. "ಥೇಟ್ ಗೂಬೆ," ಎಂದು ಅತ್ತೆ ನಗುತ್ತಾರೆ. ಮಾವನೂ ನಗುತ್ತಾರೆ.

ರಕ್ತಸಂಬಂಧಿಕರಿಗೂ ಇದು ಬರಬಹುದು ಎಂದು ಡಾಕ್ಟರು ಹೇಳಿದ್ದರಿಂದ ಮಾವ ತಮ್ಮ ಅಕ್ಕನ ಬೆನ್ನು ಬಿದ್ದರು.

"ನಂಗೇನಾಗಿದೆಯೋ? ಕನ್ನಡಕ ಇಲ್ದೇನೇ ಅಕ್ಕಿ ಆರಿಸ್ತೀನಿ," ಎಂದರು ಅಕ್ಕ.

"ನಾನೂ ಹೀಗೇ ಬಡಾಯಿ ಕೊಚ್ಚಿದ್ದೆ ಕಣಕ್ಕ. ಚಪ್ಪಲಿ ಮೆಟ್ಕೋ."

ಅಕ್ಕನಿಗೂ ಗ್ಲಾಕೋಮಾ ಶುರುವಾಗಿತ್ತು. ಆದರೆ ನೋಟ ಇನ್ನೂ ಪೂರ್ತಿ ಇತ್ತು. ಡಾಕ್ಟರು ಹಾಗೆಂದಾಗ ಮಾವ ಅಲ್ಲೇ ಕಣ್ಣೀರು ಹಾಕಿದರು, ಸಂತೋಷಕ್ಕೆ.

ನಿಮಗೆ ನಲವತ್ತು ದಾಟಿದೆಯೇ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ? ನೋವು ಬರಲಿ ಎಂದು ಕಾಯಬೇಡಿ. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಹನಿ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹೋಗುವಾಗ ಒಬ್ಬರೇ ಹೋಗಬೇಡಿ, ಅಕ್ಕನನ್ನೋ ತಮ್ಮನನ್ನೋ ಜೊತೆಗೆ ಎಳೆದುಕೊಂಡು ಹೋಗಿ.