ಮಖಮಲ್ಲಿನ ದಿಕ್ಕು

"ಮಾವ, ಕಂಪನಿಯವರು ಬಂದಿದಾರೆ," ಎಂದು ಸೊಸೆ ಬಾಗಿಲಲ್ಲೇ ನಿಂತು ಹೇಳಿದಳು. ದರ್ಜಿ ಕತ್ತರಿಸುವ ಮೇಜಿನ ಮೇಲೆ ಕಂದು ಮಖಮಲ್ಲು ಹಾಸಿಕೊಂಡು ಸೀಮೆಸುಣ್ಣ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ.

"ಎಷ್ಟು ಜನ?"

"ಒಬ್ಬಳೇ ಹುಡುಗಿ. ಇಂಜಿನಿಯರಂತೆ."

"ಅಷ್ಟು ದೊಡ್ಡ ಕಂಪನಿ, ಒಬ್ಬಳನ್ನೇ ಕಳಿಸಿದಾರಾ? ಸರಿ, ಕೂರಿಸು."

ಅಂಗಡಿಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಅರ್ಧ ಹೊಲಿದ ಷರಾಯಿಗಳ ರಾಶಿಯಿತ್ತು. ಸೊಸೆ ಅದನ್ನೆತ್ತಿ ಇಸ್ತ್ರಿ ಮೇಜಿನ ಮೇಲೆ ಹಾಕಿದಳು. ಹುಡುಗಿ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು.

ದರ್ಜಿಯ ಮಗ ಬದುಕಿದ್ದಾಗ ಒಂದು ಪ್ರೋಗ್ರಾಂ ಬರೆದಿದ್ದ. ತೋಳು, ಬೆನ್ನು, ಕಾಲರುಗಳನ್ನು ಬಟ್ಟೆಯ ಮೇಲೆ ಹೇಗೆ ಹೊಂದಿಸಿದರೆ ಚಿಂದಿ ಕಡಿಮೆ ಉಳಿಯುತ್ತದೆ ಎಂದು ಅದು ತೋರಿಸುತ್ತಿತ್ತು. ಅಪ್ಪನ ಮೇಜಿನ ಪಕ್ಕ ಕೂತು ಕಲಿತದ್ದನ್ನೇ ಕಂಪ್ಯೂಟರಿಗೂ ಹೇಳಿಕೊಟ್ಟಿದ್ದ. ಮಾರಲಿಲ್ಲ. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟ. ಓಪನ್ ಸೋರ್ಸ್ ಎಂದರೆ ಅದೇ ಎಂದು ಅಪ್ಪನಿಗೆ ವಿವರಿಸಿದ್ದ. ಊರೂರಿನ ಹೊಲಿಗೆ ಅಂಗಡಿಗಳು ಬಳಸಿದವು. ಈ ದೊಡ್ಡ ಕಂಪನಿಯೂ ಬಳಸಿತು, ಪೆಟ್ಟಿಗೆಗಳಲ್ಲಿ ಸಾಮಾನು ಹೊಂದಿಸುವುದಕ್ಕೆ. ಹೋದ ವರ್ಷ ದೇವರು ಮಗನನ್ನು ಕರೆದುಕೊಂಡ.

ಹೊರಗಿನವರು ಕಳಿಸಿದ ತಿದ್ದುಪಡಿ ಸೇರಬೇಕಾದರೆ ಮಗ ಒಪ್ಪಬೇಕಿತ್ತು. ಅವನ ನಂತರ ಪಾಸ್‌ವರ್ಡು ಗೊತ್ತಿದ್ದವಳು ಸೊಸೆ. ಪ್ರೋಗ್ರಾಂ ಬರೆಯುವ ಕೆಲಸ ಬಲ್ಲವಳಾದರೂ ಅವಳು ಯಾವುದನ್ನೂ ಒಪ್ಪಿರಲಿಲ್ಲ. ಪ್ರತಿ ಸಂಜೆ ಪ್ರಾರ್ಥನೆ ಮುಗಿಸಿ ಮಾವ ಆ ಪ್ರೋಗ್ರಾಮಿನ ಪುಟ ತೆರೆಸಿ ನೋಡುತ್ತಿದ್ದರು. ಎಲ್ಲಕ್ಕಿಂತ ಮೇಲೆ, ಕೊನೆಯದಾಗಿ ಕೈಯಾಡಿಸಿದವರ ಹೆಸರು ಕಾಣುತ್ತಿತ್ತು: 'ದರ್ಜಿಮಗ'. ಅಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ಅದು. ಬೇರೆಯವರ ತಿದ್ದುಪಡಿ ಸೇರಿದರೆ ಆ ಸಾಲು ಕೆಳಗೆ ಸರಿಯುತ್ತದೆ ಎಂದು ಸೊಸೆ ಒಮ್ಮೆ ಹೇಳಿದ್ದಳು. ಅಂದಿನಿಂದ ಅವರು "ನೋಡೋಣಮ್ಮ" ಎನ್ನುತ್ತಲೇ ಬಂದಿದ್ದರು. ಕಂಪನಿ ಕಳಿಸಿದ್ದ ತಿದ್ದುಪಡಿಯೂ ಹಾಗೇ ಕಾದಿತ್ತು; ಅದನ್ನು ಒಪ್ಪಿಕೊಳ್ಳಿ ಎಂದು ಕೇಳಲು ಹುಡುಗಿ ಬಂದಿದ್ದಳು.

"ನನ್ನ ಮಗ ಬಾಗಿಲು ಹಾಕಿಲ್ಲ ತಾಯಿ," ಎಂದರು ಈಗ. "ಬೇಕಾದ್ದು ತಗೊಂಡು ಹೋಗಬಹುದಲ್ಲ. ನನ್ನನ್ಯಾಕೆ ಕೇಳ್ತೀರಿ?"

"ಹೋಗಬಹುದು ಸರ್. ಒಂದು ನಕಲು ಮಾಡ್ಕೊಂಡು ನಮ್ಮ ದಾರಿ ನಾವು ನೋಡ್ಕೊಳೋಣ ಅಂತ ಮೀಟಿಂಗಲ್ಲಿ ಹೇಳಿದ್ರು. ಆಗ ನಾವು ತಿದ್ದಿದ್ದು ನಮ್ಮ ಹತ್ರಾನೇ ಉಳಿಯುತ್ತೆ. ಈ ಪ್ರೋಗ್ರಾಂ ಹೊಸ ಕಂಪ್ಯೂಟರುಗಳಲ್ಲಿ ಅರ್ಧಕ್ಕೇ ನಿಂತುಬಿಡ್ತಿದೆ. ಹೊಲಿಗೆ ಅಂಗಡಿಯವರು ಏನ್ ಮಾಡ್ಬೇಕು?"

"ಅಂದ್ರೆ ಧರ್ಮಕ್ಕೆ ಮಾಡ್ತಿದೀರ ಅನ್ನಿ."

ಹುಡುಗಿ ನಕ್ಕುಬಿಟ್ಟಳು. "ಧರ್ಮಾನೂ ಇಲ್ಲ, ಏನೂ ಇಲ್ಲ. ಎಲ್ಲ ಒಂದೇ ಕಡೆ ಇದ್ರೆ ನಾಲ್ಕು ಜನ ನೋಡ್ತಾರೆ, ನಮಗೂ ತಲೆನೋವು ಕಡಿಮೆ. ಲಾಭ ಇಲ್ದೆ ನಮ್ಮೋರು ಒಂದು ಪೆನ್ನೂ ಕೊಡಲ್ಲ ಸರ್."

ದರ್ಜಿ ಆಗ ಅವಳ ಮುಖ ನೋಡಿದರು.

"ಇನ್ನೊಂದು ಕೇಳೋದಿತ್ತು," ಎಂದಳು ಅವಳು, ದನಿ ತಗ್ಗಿಸಿ. "ಅದಕ್ಕೇ ನಾನೇ ಬಂದೆ. ತುಂಡುಗಳನ್ನ ತಲೆಕೆಳಗು ಮಾಡಬಾರದು ಅಂತ ಇಲ್ಲೊಂದು ನಿಯಮ ಇದೆ. ನಮ್ಮ ಪೆಟ್ಟಿಗೆಗೆ ಅದು ಬೇಡ. ತೆಗೆದ್ರೆ ಕೆಲಸ ಬೇಗ ಆಗುತ್ತೆ. ಆದ್ರೆ ತೆಗೆಯೋ ಧೈರ್ಯ ಯಾರಿಗೂ ಬಂದಿಲ್ಲ."

"ಯಾಕಂತೆ?"

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ದರ್ಜಿ ಕನ್ನಡಕ ಸರಿಮಾಡಿಕೊಂಡರು. ಕೋಡಿನ ಸಾಲುಗಳ ನಡುವೆ ಮಗ ಬರೆದಿಟ್ಟಿದ್ದ: 'ಇದನ್ನು ತೆಗೆಯಬೇಡಿ. ಅಪ್ಪ ಬೈತಾರೆ.'

"ನಮ್ಮ ಆಫೀಸಲ್ಲಿ ಯಾರಾದ್ರೂ ಅವಸರಕ್ಕೆ ಏನಾದ್ರೂ ಅಳಿಸೋಕೆ ಹೋದ್ರೆ 'ಏಯ್, ಅಪ್ಪ ಬೈತಾರೆ' ಅಂತೀವಿ. ಮ್ಯಾನೇಜರೂ ಅಂತಾರೆ. ಆ ಅಪ್ಪ ಯಾರು ಅಂತ ಮಾತ್ರ ಗೊತ್ತಿರಲಿಲ್ಲ."

ಸೊಸೆ ನಗಲು ಹೋಗಿ, ನಗಲಾರದೆ, ಇಸ್ತ್ರಿ ಮೇಜಿನ ಕಡೆ ತಿರುಗಿಕೊಂಡಳು. ದರ್ಜಿ ಪರದೆಯ ಆ ಸಾಲನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ, "ಕೈ ಕೊಡಿ ಇಲ್ಲಿ," ಎಂದು ಹುಡುಗಿಯ ಅಂಗೈಯನ್ನು ಮಖಮಲ್ಲಿನ ಮೇಲೆ ಇಡಿಸಿದರು. "ಮುಂದಕ್ಕೆ ಸವರಿ. ಈಗ ಹಿಂದಕ್ಕೆ."

"ಅಯ್ಯೋ, ಬಣ್ಣಾನೇ ಬದಲಾಯ್ತಲ್ಲ!"

"ಇದರ ನವಿರು ಕೂದಲು ಒಂದೇ ಕಡೆ ಮಲಗಿರುತ್ತೆ. ಇವನು ಚಿಕ್ಕವನಿದ್ದಾಗ, ಬಟ್ಟೆ ಉಳಿಸ್ತೀನಿ ಅಂತ ಒಂದು ತೋಳನ್ನ ತಲೆಕೆಳಗಿಟ್ಟು ಕತ್ತರಿಸಿದ. ಹೊಲಿದು ನೋಡಿದ್ರೆ ಆ ತೋಳು ಇನ್ಯಾರದೋ ಕೋಟಿನದು! ನಾನು ಬೈದದ್ದು ಬೀದಿಗೆಲ್ಲ ಕೇಳಿಸಿತ್ತು."

"ಹಾಗಾದ್ರೆ ನಿಯಮ ಇರಲಿ ಸರ್. ಅದು ಬೇಡದ ನಮ್ಮಂಥವರು ಬಿಟ್ಟು ಮುಂದೆ ಹೋಗೋ ಹಾಗೆ ಮಾಡ್ತೀವಿ."

"ಅವನು ಬರೆದ ಆ ಸಾಲು?"

"ಅದನ್ನ ಅಳಿಸಿ ನಿಮ್ಮ ಹತ್ರ ಬೈಸಿಕೊಳ್ಳೋರು ಯಾರು?"

ದರ್ಜಿ ಸೊಸೆಯನ್ನು ಕರೆದು ಆ ಪುಟ ತೆರೆಸಿದರು. ಮೇಲುಗಡೆ 'ದರ್ಜಿಮಗ' ಎಂದಿತ್ತು. ಕಣ್ಣು ಮುಚ್ಚಿದರು. ತುಟಿಗಳು ಮೆಲ್ಲಗೆ ಅಲುಗಿದವು.

"ಒಪ್ಪಿಬಿಡಮ್ಮ."

"ಮಾವ, ಬೇಕಾದ್ರೆ ಇನ್ನೂ ಸ್ವಲ್ಪ ದಿನ..."

"ಬೇಡ. ಎಷ್ಟು ಜನ ಬಟ್ಟೆ ಹಾಸಿಕೊಂಡು ಕಾಯ್ತಾ ಕೂತಿದಾರೋ."

ಸೊಸೆ ಒಪ್ಪಿಗೆಯ ಗುಂಡಿ ಒತ್ತಿದಳು. ಮೇಲೆ ಹೊಸ ಹೆಸರೊಂದು ಬಂತು. 'ದರ್ಜಿಮಗ' ಒಂದು ಸಾಲು ಕೆಳಗಿಳಿಯಿತು.

ಹುಡುಗಿ ಹೊರಟ ಮೇಲೆ ದರ್ಜಿ ಮೇಜಿನ ಬಳಿ ಬಂದರು. ಅವಳು ಹಿಂದಕ್ಕೆ ಸವರಿದ್ದ ಕಡೆ ಅಂಗೈಯಗಲದ ಕಪ್ಪು ಗುರುತು ಉಳಿದಿತ್ತು. ಅದನ್ನು ನವಿರು ಮಲಗಿದ ದಿಕ್ಕಿಗೆ ಮೆಲ್ಲಗೆ ಸವರಿದರು. ಗುರುತು ಹೋಯಿತು. ಮತ್ತೊಮ್ಮೆ ಸವರಿದರು.