ಎಲೆಗಳೊಳಗೆ ಮುಳುಗಿದ ಬಣ್ಣ

ಇಬ್ಬರು ಅಕ್ಕತಂಗಿಯರು ಬೇರೆಬೇರೆಯಾಗಿ ಹೇಳಿದ ಕಥೆಯಿದು. ಇಬ್ಬರ ಮಾತೂ ಒಂದೇ. ತಂಗಿ ಬಾಗಿಲಿನಿಂದ ಎಷ್ಟು ದೂರವಿದ್ದಳು ಎಂಬಲ್ಲಿ ಮಾತ್ರ ಅವಳು ಹನ್ನೆರಡು ಹೆಜ್ಜೆ ಎನ್ನುತ್ತಾಳೆ, ಅಕ್ಕ ಒಂಬತ್ತು ಎನ್ನುತ್ತಾಳೆ.

ಅಕ್ಕ ಕಾಡುಪ್ರಾಣಿಗಳ ಚಿತ್ರಗಾರ್ತಿ. ಒಂದೊಂದು ಕೂದಲನ್ನೂ ಬಿಡದೆ ಬರೆಯುವವಳು. ಮನುಷ್ಯರ ಚಿತ್ರವನ್ನು ಮಾತ್ರ ಜನ್ಮದಲ್ಲಿ ಬರೆದವಳಲ್ಲ. ಆ ವರ್ಷ ವಸ್ತುಸಂಗ್ರಹಾಲಯದಲ್ಲಿ ಚಿರತೆಯ ಚರ್ಮದ ಮುಂದೆ ವಾರಗಟ್ಟಲೆ ಕುಳಿತು, ಅದರ ಮೈಬಣ್ಣವನ್ನು ಕಲಸಿ ಡಬ್ಬಿಯಲ್ಲಿ ತುಂಬಿಸಿಕೊಂಡಿದ್ದಳು. ಇನ್ನು ಚಿತ್ರದ ಚಿರತೆಗೆ ಮಲಗಲು ನೆಲ ಬೇಕಿತ್ತು. ಎಲೆ ಉದುರುವ ಕಾಲದ ಒಂದು ಮಧ್ಯಾಹ್ನ, ಕಾಡಂಚಿನ ತನ್ನ ಮರದ ಕೋಣೆಯ ಬಾಗಿಲ ಮುಂದೆ ಕ್ಯಾನ್ವಾಸ್ ನಿಲ್ಲಿಸಿದಳು. ತಂಗಿ ಕಾಡಿನ ಕಡೆ ಮುಖಮಾಡಿ, ಬಾಗಿ ಎಲೆ ಆಯುತ್ತಿದ್ದಳು. ಗಾಳಿಯಿರಲಿಲ್ಲ. ಹಕ್ಕಿಗಳೂ ಸುಮ್ಮನಾಗಿದ್ದವು.

"ಇಷ್ಟು ಸಾಕಾ ಅಕ್ಕಾ? ಇಲ್ಲಾ ನಿನ್ನ ಚಿರತೆಗೆ ದಿಂಬೂ ಬೇಕಾ?"

"ದಿಂಬಿಗೆ ನೀನಿದೀಯಲ್ಲ, ಚೆನ್ನಾಗಿ ಕೊಬ್ಬಿದೀಯ. ಸುಮ್ನೆ ಆಯ್ಕೊಂಡು ಬಾರೇ."

ಬಣ್ಣವನ್ನು ಚಾಕುವಿನ ತುದಿಗೆ ಬಳಿದು, ಎದುರಿನ ವಸ್ತುವಿನ ನೇರಕ್ಕೆ ಎತ್ತಿ ಹಿಡಿದು ತಾಳೆ ನೋಡುವುದು ಅಕ್ಕನ ಪದ್ಧತಿ. ಎಲೆಗಳ ನಡುವೆ ಚಿರತೆ ಎಷ್ಟು ಎದ್ದು ಕಂಡೀತೆಂದು ತಿಳಿಯಲು ಡಬ್ಬಿಯ ಬಣ್ಣವನ್ನೇ ಬಳಿದು ಎತ್ತಿದಳು. ಒಂದೆಡೆ ಅದು ಮಂಕಾಗಿ ಕಂಡಿತು, ಇನ್ನೊಂದೆಡೆ ತೀರ ಹಳದಿಯಾಗಿ. ಚಾಕು ತಂಗಿಯ ಬಲಗಡೆಯ ಎಲೆರಾಶಿಯ ನೇರಕ್ಕೆ ಬಂದಾಗ ಅದರ ತುದಿಯೇ ಮಾಯವಾಯಿತು. ಬಣ್ಣ ಬಣ್ಣದೊಳಗೆ ಮುಳುಗಿಹೋಯಿತು.

ಯಾವ ಎಲೆಗೂ ಆ ಬಣ್ಣವಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಎದ್ದು ನಿಲ್ಲು," ಎಂದಳು. "ಮೆಲ್ಲಗೆ. ನಿನ್ನ ಚಿತ್ರ ಬರೀತೀನಿ."

ನಗಲೆಂದು ತೆರೆದ ತಂಗಿಯ ಬಾಯಿ ಹಾಗೇ ನಿಂತಿತು. ಅಕ್ಕ ಬರೆಯುವುದು ಮನುಷ್ಯರನ್ನಲ್ಲ. ಅವಳು ಮೆಲ್ಲಗೆ ಎದ್ದಳು.

"ತಿರುಗಬೇಡ. ಹಾಗೇ ಹಿಂದಕ್ಕೆ ಬಾ. ಓಡಬೇಡ ಕಣೇ, ನಿನ್ನ ದಮ್ಮಯ್ಯ."

"ಏನಿದೆಯೇ ಅಲ್ಲಿ?"

"ಬಾ."

ತಂಗಿ ಕಣ್ಣು ಕೀಲಿಸಿ ನೋಡಿದಳು. ಎಲೆಗಳು, ಬರೀ ಎಲೆಗಳು. ಹಿಂದಿಟ್ಟ ಪ್ರತಿ ಹೆಜ್ಜೆಗೂ ಕಾಲಡಿ ಕರಕರ ಸದ್ದು. ನಡುವೆ ಒಮ್ಮೆ ಅವಳು ನಿಂತಳು; ಸದ್ದು ಇನ್ನೊಂದು ಬಾರಿ ಕೇಳಿಸಿತು.

ಅಕ್ಕನ ಕೈ ಹಿಂದಿನಿಂದ ಅವಳ ಕೊರಳಪಟ್ಟಿ ಹಿಡಿದು ಒಳಗೆಳೆಯಿತು. ಅಗಳಿ ಬಿದ್ದ ಮರುಕ್ಷಣವೇ ಹೊರಗೆ ಕ್ಯಾನ್ವಾಸ್ ಉರುಳಿತು. ಬಾಗಿಲ ಹಲಗೆಯ ಆಚೆಯಿಂದ ಭಾರವಾದ ಉಸಿರು ಕೇಳಿಸತೊಡಗಿತು.

"ಎಲ್ಲಿತ್ತೇ ಅದು?" ತಂಗಿ ಅಗಳಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಕೊನೇಲಿ ಒಂದು ಎಲೆ ಎತ್ಕೊಂಡೆಯಲ್ಲ," ಎಂದು ಅಕ್ಕ ಪಿಸುಗುಟ್ಟಿದಳು, "ಅದರ ಪಕ್ಕದಲ್ಲಿದ್ದದ್ದು ಅದರ ಮುಂಗಾಲು."